ದೇಹದೊಳಗಿನ ಚಿತ್ರಗಳು: ಗಾಯ, ಅಪರೂಪದ ಕಾಯಿಲೆ, ಶಸ್ತ್ರಚಿಕಿತ್ಸೆಯ ತೊಡಕು ಪತ್ತೆಯಾಗುವ ಬಗೆ

ದ್ವಿಚಕ್ರ ವಾಹನದಿಂದ ಬಿದ್ದ ವ್ಯಕ್ತಿಯೊಬ್ಬ ಕೆಲವು ನಿಮಿಷ ಪ್ರಜ್ಞೆ ತಪ್ಪಿ, ಮತ್ತೆ ಎದ್ದು ಕೂರುತ್ತಾನೆ. ನೀರು ಕುಡಿಯುತ್ತಾನೆ, ಸುತ್ತ ನೆರೆದವರೊಡನೆ ಮಾತನಾಡುತ್ತಾನೆ, ‘ಏನೂ ಆಗಿಲ್ಲ’ ಎಂದು ಮನೆಗೆ ಹೊರಡುತ್ತಾನೆ. ಒಂದೆರಡು ಗಂಟೆಗಳ ನಂತರ ತಲೆನೋವು, ವಾಂತಿ, ಮಂಪರು ಆರಂಭವಾಗುತ್ತದೆ. ಮನೆಯವರು ದಣಿವೆಂದು ಭಾವಿಸಿ ಮಲಗಿಸುತ್ತಾರೆ. ಕಪಾಲದ ಒಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತುತ್ತಿರುವುದು ಹೊರಗಿನಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ಕೆಲವೇ ನಿಮಿಷಗಳಲ್ಲಿ ತೋರಿಸಬಲ್ಲ ಸಾಧನ ಸಿ.ಟಿ. ಸ್ಕ್ಯಾನ್.

ಹೊರಗೆ ಕಾಣದ ಗಾಯ, ಹೆಸರೇ ಕೇಳಿರದ ಕಾಯಿಲೆ, ಶಸ್ತ್ರಚಿಕಿತ್ಸೆಯ ನಂತರ ಒಳಗೊಳಗೇ ಬೆಳೆಯುವ ತೊಡಕು - ಈ ಮೂರನ್ನೂ ಪತ್ತೆ ಹಚ್ಚುವಲ್ಲಿ ವೈದ್ಯಕೀಯ ಚಿತ್ರಣದ ಪಾತ್ರ ಬಹು ದೊಡ್ಡದು. ಆದರೆ ಯಾವ ಪರೀಕ್ಷೆ ಯಾವಾಗ ಅಗತ್ಯ, ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬ ಅರಿವು ಜನಸಾಮಾನ್ಯರಲ್ಲಿ ಇನ್ನೂ ಕಡಿಮೆ. ಎಲ್ಲದಕ್ಕೂ ಸ್ಕ್ಯಾನ್ ಬೇಕೆಂದು ಒತ್ತಾಯಿಸುವವರೂ ಇದ್ದಾರೆ, ವಿಕಿರಣಕ್ಕೆ ಹೆದರಿ ಅಗತ್ಯವಿದ್ದಾಗಲೂ ನಿರಾಕರಿಸುವವರೂ ಇದ್ದಾರೆ.

ನಾಲ್ಕು ಸಾಧನಗಳು, ನಾಲ್ಕು ತತ್ತ್ವಗಳು

ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣವನ್ನು ಗುರುತಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೆಗೆದ ಪತ್ನಿಯ ಕೈಯ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಮೂಡಿದ್ದವು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಮೂಳೆಯಂತಹ ಸಾಂದ್ರ ವಸ್ತು ಕಿರಣವನ್ನು ತಡೆದು ಬಿಳಿಯಾಗಿಯೂ, ಗಾಳಿ ತುಂಬಿದ ಶ್ವಾಸಕೋಶವು ಕಿರಣವನ್ನು ಬಿಟ್ಟುಕೊಟ್ಟು ಕಪ್ಪಾಗಿಯೂ ಕಾಣುವುದೇ ಇದರ ಮೂಲತತ್ತ್ವ.

ಕ್ಷ-ಕಿರಣದ ಮುಖ್ಯ ಮಿತಿಯೆಂದರೆ ಇಡೀ ದೇಹದ ನೆರಳು ಒಂದೇ ಸಮತಲದಲ್ಲಿ ಒಂದರ ಮೇಲೊಂದು ಬೀಳುವುದು. ಈ ತೊಡಕನ್ನು ಪರಿಹರಿಸಿದ್ದು ಸಿ.ಟಿ. ಸ್ಕ್ಯಾನ್. ಬ್ರಿಟನ್ನಿನ ಇಎಂಐ ಸಂಸ್ಥೆಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ದೇಹದ ಸುತ್ತ ಹಲವು ಕೋನಗಳಿಂದ ಕ್ಷ-ಕಿರಣ ಹಾಯಿಸಿ, ಗಣಕಯಂತ್ರದ ಲೆಕ್ಕಾಚಾರದಿಂದ ಅಡ್ಡಸೀಳಿಕೆಯ ಚಿತ್ರಗಳನ್ನು ಪಡೆಯುವುದು ಇದರ ವಿಧಾನ. ಸಾಂದ್ರತೆಯನ್ನು ಅಳೆಯುವ ಮಾನಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಆ ಮಾಪನದಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ಹೌನ್ಸ್‌ಫೀಲ್ಡ್ ಮತ್ತು ಆಲನ್ ಕಾರ್ಮಕ್ 1979ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವೇ ಇಲ್ಲ. ಮನುಷ್ಯನ ಕಿವಿಗೆ ಕೇಳಿಸದ ಧ್ವನಿ ತರಂಗಗಳು ಅಂಗಾಂಗಗಳಿಗೆ ತಾಗಿ ಮರಳಿದಾಗ ಉಂಟಾಗುವ ಪ್ರತಿಧ್ವನಿಯೇ ಚಿತ್ರವಾಗುತ್ತದೆ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನಕ್ಕೆ ವೈದ್ಯಲೋಕದಲ್ಲಿ ಬಾಗಿಲು ತೆರೆಯಿತು. ಹರಿಯುವ ರಕ್ತದ ವೇಗ ಮತ್ತು ದಿಕ್ಕನ್ನು ತೋರಿಸುವ ಡಾಪ್ಲರ್ ಪರೀಕ್ಷೆ ಇದರದೇ ಇನ್ನೊಂದು ರೂಪ.

ಎಂಆರ್‌ಐ ಯಂತ್ರದಲ್ಲಿ ಪ್ರಬಲ ಅಯಸ್ಕಾಂತ ಮತ್ತು ರೇಡಿಯೊ ತರಂಗಗಳ ನೆರವಿನಿಂದ ದೇಹದ ಜಲಜನಕ ಪರಮಾಣುಗಳ ಸಂಕೇತವನ್ನು ಹಿಡಿಯಲಾಗುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಮಿದುಳು, ಬೆನ್ನುಹುರಿ, ಸ್ನಾಯು, ಅಸ್ಥಿಬಂಧಗಳಂತಹ ಮೃದು ಭಾಗಗಳ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಿಧಾನ ಮತ್ತೊಂದಿಲ್ಲ. ಇದನ್ನು ರೂಪಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ದೊರೆಯಿತು.

ಅಪಘಾತದ ನಂತರದ ಮೊದಲ ಗಂಟೆಗಳು

ಕಿವಿಯ ಮೇಲ್ಭಾಗದ ಕಪಾಲದ ಮೂಳೆ ತೆಳುವಾದುದು. ಅಲ್ಲಿ ಬಿರುಕು ಬಿಟ್ಟರೆ ಅದರ ಒಳಬದಿಗೆ ಅಂಟಿಕೊಂಡು ಸಾಗುವ ಅಪಧಮನಿ ಹರಿಯಬಹುದು. ಆಗ ಕಪಾಲಕ್ಕೂ ಮಿದುಳಿನ ಹೊರಪೊರೆಗೂ ನಡುವೆ ಶೇಖರವಾಗುವ ರಕ್ತ ಸಿ.ಟಿ. ಚಿತ್ರದಲ್ಲಿ ಉಬ್ಬು ಮಸೂರದ ಆಕಾರದಲ್ಲಿ ಬೆಳ್ಳಗೆ ಕಾಣುತ್ತದೆ. ಪೊರೆಯ ಕೆಳಗೆ ರಕ್ತಸ್ರಾವವಾದರೆ ಅದು ಬಾಲಚಂದ್ರನಂತೆ ಬಾಗಿದ ಪಟ್ಟಿಯಾಗಿ ಹರಡುತ್ತದೆ. ಈ ಎರಡು ಆಕಾರಗಳ ವ್ಯತ್ಯಾಸವೇ ಶಸ್ತ್ರವೈದ್ಯರ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರಲ್ಲಿ, ಸಣ್ಣ ಪೆಟ್ಟಿನಿಂದ ಆರಂಭವಾದ ಸ್ರಾವ ವಾರಗಳ ನಂತರ ಮರೆವು ಅಥವಾ ನಡಿಗೆಯ ತೊಂದರೆಯಾಗಿ ಕಾಣಿಸಿಕೊಳ್ಳುವುದೂ ಉಂಟು.

ಹಾಗಾದರೆ ತಲೆಗೆ ಪೆಟ್ಟು ಬಿದ್ದ ಎಲ್ಲರಿಗೂ ಸ್ಕ್ಯಾನ್ ಬೇಕೆ? ಬೇಡ. ಈ ಪ್ರಶ್ನೆಗೆ ಉತ್ತರವಾಗಿ ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮಾವಳಿ ಇಂದಿಗೂ ಬಳಕೆಯಲ್ಲಿದೆ. ಅಲ್ಪ ಕಾಲ ಪ್ರಜ್ಞೆ ತಪ್ಪಿದ್ದು, ಗೊಂದಲ ಅಥವಾ ಮರೆವು ಕಂಡುಬಂದ ವಯಸ್ಕರಿಗೆ ಅದು ಅನ್ವಯಿಸುತ್ತದೆ. ಅಪಘಾತವಾಗಿ ಎರಡು ಗಂಟೆಯಾದರೂ ಪೂರ್ಣ ಎಚ್ಚರ ಮರಳದಿರುವುದು, ಎರಡು ಅಥವಾ ಹೆಚ್ಚು ಬಾರಿ ವಾಂತಿ, ಕಪಾಲ ಮುರಿದ ಸೂಚನೆ, 65 ಅಥವಾ ಅದಕ್ಕೂ ಹೆಚ್ಚಿನ ವಯಸ್ಸು, ಪೆಟ್ಟಿಗೆ ಮುನ್ನಿನ ಅರ್ಧ ಗಂಟೆ ಅಥವಾ ಹೆಚ್ಚಿನ ಅವಧಿಯ ಮರೆವು, ವಾಹನದಿಂದ ಎಸೆಯಲ್ಪಟ್ಟಂತಹ ಅಪಾಯಕರ ಅಪಘಾತ - ಇವು ಸ್ಕ್ಯಾನ್‌ಗೆ ಕಾರಣವಾಗುವ ಲಕ್ಷಣಗಳು. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರನ್ನು ಈ ನಿಯಮದ ಹೊರಗಿಟ್ಟು, ಪ್ರತ್ಯೇಕ ಎಚ್ಚರ ವಹಿಸಲಾಗುತ್ತದೆ.

ಹೊಟ್ಟೆಗೆ ಬಿದ್ದ ಪೆಟ್ಟು ಇನ್ನೂ ಮೋಸಗಾರ. ಎಡ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮ ಸೀಳಿದರೆ ಚರ್ಮದ ಮೇಲೆ ತರಚಿದ ಗುರುತೂ ಇಲ್ಲದೆ ರಕ್ತ ಒಳಗೇ ಸೋರುತ್ತಿರುತ್ತದೆ. ಇಂತಹ ರೋಗಿಯ ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಯಂತ್ರವಿಟ್ಟು ಯಕೃತ್ತಿನ ಬದಿ, ಗುಲ್ಮದ ಬದಿ, ಕಿಬ್ಬೊಟ್ಟೆ, ಹೃದಯದ ಸುತ್ತ ಹೀಗೆ ನಾಲ್ಕು ಕಡೆ ರಕ್ತ ನಿಂತಿದೆಯೇ ಎಂದು ವೈದ್ಯರು ಪರಿಶೀಲಿಸುತ್ತಾರೆ. ರಕ್ತದೊತ್ತಡ ಕುಸಿಯುತ್ತಿರುವ ರೋಗಿಯನ್ನು ಸಿ.ಟಿ. ಕೊಠಡಿಗೆ ಸಾಗಿಸುವುದೇ ಅಪಾಯ. ಅಂಥವರಿಗೆ ಈ ಕೆಲವು ನಿಮಿಷಗಳ ಪರೀಕ್ಷೆ ಶಸ್ತ್ರಚಿಕಿತ್ಸೆಯ ದಾರಿ ತೋರಿಸುತ್ತದೆ. ಸ್ಥಿತಿ ಸ್ಥಿರವಾಗಿದ್ದರೆ ಸಿ.ಟಿ. ಮೂಲಕ ಗಾಯದ ಆಳವನ್ನು ಅಳೆಯಲಾಗುತ್ತದೆ. ಗುಲ್ಮದ ಅನೇಕ ಗಾಯಗಳು ಇಂದು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತಿರುವುದಕ್ಕೆ ಈ ನಿಖರತೆಯೂ ಒಂದು ಕಾರಣ.

ಕೆಲವು ಮೂಳೆಮುರಿತಗಳು ಮೊದಲ ದಿನದ ಕ್ಷ-ಕಿರಣಕ್ಕೂ ಸಿಗುವುದಿಲ್ಲ. ಕೈಯೂರಿ ಬಿದ್ದಾಗ ಮುರಿಯುವ, ಹೆಬ್ಬೆರಳಿನ ಬುಡದ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ಮೂಳೆಗೆ ರಕ್ತ ಪೂರೈಕೆ ಬೆರಳಿನ ಕಡೆಯಿಂದ ಹಿಂದಕ್ಕೆ ಸಾಗುವುದರಿಂದ, ನಡುವೆ ಮುರಿದರೆ ಹಿಂದಿನ ತುಂಡು ರಕ್ತವಿಲ್ಲದೆ ಸಾಯುವ ಸಂಭವವಿದೆ. ಆದುದರಿಂದ ಚಿತ್ರ ಸಹಜವಾಗಿದ್ದರೂ ಆ ಜಾಗದಲ್ಲಿ ಒತ್ತಿದಾಗ ನೋವಿದ್ದರೆ ವೈದ್ಯರು ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೆ ಚಿತ್ರ ತೆಗೆಸುತ್ತಾರೆ ಅಥವಾ ಎಂಆರ್‌ಐ ಸೂಚಿಸುತ್ತಾರೆ. ‘ಎಕ್ಸ್‌ರೇ ಸರಿಯಿದೆ’ ಎಂಬ ಒಂದೇ ಮಾತನ್ನು ನಂಬಿ ಪಟ್ಟಿ ಬಿಚ್ಚಿಸಿಕೊಂಡವರು ಮುಂದೆ ಮಣಿಕಟ್ಟಿನ ಶಾಶ್ವತ ನೋವಿಗೆ ಗುರಿಯಾಗಬಹುದು.

ಹಂದಿಗೋಡಿನ ಮೂಳೆಗಳು ಹೇಳಿದ ಕಥೆ

ಅಪರೂಪದ ಕಾಯಿಲೆಯೊಂದನ್ನು ಗುರುತಿಸುವಲ್ಲಿ ಸಾಮಾನ್ಯ ಕ್ಷ-ಕಿರಣವೂ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ ಮತ್ತು ಮಂಡಿಯ ತೀವ್ರ ನೋವಿನಿಂದ ನರಳುವ ಹಲವರು ಬೆಳಕಿಗೆ ಬಂದರು. ಪೀಡಿತರು ಹೆಚ್ಚಾಗಿ ಬಡ ದಲಿತ ಕುಟುಂಬಗಳ ಕೃಷಿ ಕೂಲಿಕಾರರು. ಕ್ರಮೇಣ ನಡಿಗೆ ಕುಂಠಿತವಾಗಿ, ಕೆಲವರು ತೆವಳಿಕೊಂಡೇ ಓಡಾಡುವ ಸ್ಥಿತಿ ತಲುಪಿದ್ದರು. ಕೆಲವು ಕುಟುಂಬಗಳಲ್ಲಿ ಕುಳ್ಳ ದೇಹದವರೂ ಇದ್ದರು.

ಗದ್ದೆಗೆ ಸಿಂಪಡಿಸಿದ ಕೀಟನಾಶಕ ಸೇರಿದ ಏಡಿಗಳನ್ನು ತಿಂದುದೇ ಇದಕ್ಕೆ ಕಾರಣವಿರಬಹುದೆಂಬ ಶಂಕೆ ಆಗ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ ಹೆಸರಿನಿಂದ ಕರೆದರು. ಮುಂದೆ ನಡೆದ ತಪಾಸಣೆಗಳಲ್ಲಿ ಪೀಡಿತ ಕುಟುಂಬಗಳ ಸದಸ್ಯರ ಸೊಂಟ ಹಾಗೂ ಬೆನ್ನುಮೂಳೆಯ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಲಾಯಿತು. ಇದು ಮೂಳೆಗಳ ಬೆಳವಣಿಗೆಯಲ್ಲೇ ಇರುವ ದೋಷ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಬರಬಲ್ಲ ಆನುವಂಶಿಕ ಸ್ವರೂಪದ್ದು ಎಂಬ ನಿರ್ಣಯವನ್ನು 1994ರಲ್ಲಿ ಪ್ರಕಟವಾದ ವಿಕಿರಣಶಾಸ್ತ್ರೀಯ ಅಧ್ಯಯನ ಮುಂದಿಟ್ಟಿತು. ಇಂದು ಇದು ಹಂದಿಗೋಡು ಕಾಯಿಲೆ ಎಂಬ ಹೆಸರಿನಲ್ಲೇ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ಒಂದು ಕುಟುಂಬದ ಹಲವು ತಲೆಮಾರುಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಇಂತಹ ನಿರ್ಣಯ ಸಾಧ್ಯ. ಒಬ್ಬನ ಸೊಂಟದ ಚಿತ್ರ ಬರಿಯ ಕೀಲು ಸವೆತದಂತೆ ಕಾಣಬಹುದು. ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಪ್ರದೇಶಗಳಲ್ಲಿಯೂ ಬೆನ್ನು ಮತ್ತು ಕೀಲುಗಳು ಬಿಗಿಯುತ್ತವೆ. ಆದರೆ ಅಲ್ಲಿ ಕ್ಷ-ಕಿರಣದಲ್ಲಿ ಮೂಳೆ ಅಸಹಜವಾಗಿ ಸಾಂದ್ರವಾಗಿಯೂ, ಮುಂದೋಳಿನ ಎರಡು ಮೂಳೆಗಳ ನಡುವಣ ಪೊರೆ ಸುಣ್ಣಗಟ್ಟಿದಂತೆಯೂ ಕಾಣುತ್ತದೆ. ರೋಗಿಯ ದೂರು ಒಂದೇ ಬಗೆಯದಾದರೂ ನೆರಳು ಬೇರೆ.

ರಕ್ತನಾಳಗಳ ಅಪರೂಪದ ಕಾಯಿಲೆಗಳಲ್ಲೂ ಚಿತ್ರಣವೇ ನಿರ್ಣಾಯಕ. ಜಪಾನಿನ ನೇತ್ರತಜ್ಞ ಮಿಕಿಟೊ ತಕಯಾಸು 1908ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಯುವತಿಯರಲ್ಲಿ, ಅದರಲ್ಲೂ ಏಷ್ಯಾದಲ್ಲಿ ಇದು ಹೆಚ್ಚು. ಸುಸ್ತು, ಜ್ವರ, ಕೈ ಸೋಲುವಿಕೆ ಎಂದು ವೈದ್ಯರಿಂದ ವೈದ್ಯರಿಗೆ ಅಲೆಯುವ ಇವರ ಎರಡು ಕೈಗಳ ರಕ್ತದೊತ್ತಡದಲ್ಲಿ ವ್ಯತ್ಯಾಸವಿರುವುದನ್ನು ಗಮನಿಸಿದ ವೈದ್ಯರು ಸಿ.ಟಿ. ಅಥವಾ ಎಂಆರ್ ಆಂಜಿಯೊಗ್ರಾಂ ಮಾಡಿಸಿದಾಗ ಕಾಯಿಲೆ ಬಯಲಾಗುತ್ತದೆ. ಮೊಯಮೊಯ ಎಂಬ ಮತ್ತೊಂದು ಕಾಯಿಲೆಗೆ ಹೆಸರು ಬಂದಿರುವುದೇ ಚಿತ್ರದಿಂದ. ಮಿದುಳಿನ ಮುಖ್ಯ ನಾಳಗಳು ಮುಚ್ಚುತ್ತ ಬಂದಂತೆ ಅವುಗಳ ಬುಡದಲ್ಲಿ ಹುಟ್ಟುವ ಎಳೆನಾಳಗಳ ಗೊಂಚಲು ಆಂಜಿಯೊಗ್ರಾಂನಲ್ಲಿ ಹೊಗೆಯಂತೆ ಕಾಣುತ್ತದೆ. ಜಪಾನೀ ಭಾಷೆಯಲ್ಲಿ ಮೊಯಮೊಯ ಎಂದರೆ ಹೊಗೆ ಕವಿದಂತೆ ಮಸುಕಾದುದು ಎಂಬರ್ಥ. ಮಗುವೊಂದಕ್ಕೆ ಪಾರ್ಶ್ವವಾಯು ಬಡಿದಾಗ ವೈದ್ಯರು ಶಂಕಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಶಸ್ತ್ರಚಿಕಿತ್ಸೆಯ ನಂತರ

ಶಸ್ತ್ರಚಿಕಿತ್ಸೆಯಾದ ರೋಗಿಯ ಚಿತ್ರವನ್ನು ಓದುವುದು ಬೇರೆಯೇ ವಿದ್ಯೆ. ಸಾಮಾನ್ಯ ರೋಗಿಯ ಎದೆಯ ಕ್ಷ-ಕಿರಣದಲ್ಲಿ ವಪೆಯ ಕೆಳಗೆ ಗಾಳಿ ಕಂಡರೆ ಕರುಳು ಅಥವಾ ಜಠರ ತೂತಾಗಿದೆ ಎಂಬ ಅಪಾಯದ ಸೂಚನೆ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳವರೆಗೆ ಒಳಗೆ ಗಾಳಿ ಉಳಿದಿರುವುದು ಸಹಜ. ಆ ಗಾಳಿ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚಾಗುತ್ತಿದ್ದರೆ ಹೊಲಿಗೆ ಬಿಟ್ಟಿರುವ ಶಂಕೆ ಮೂಡುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಯಾವುದು, ಎಂದು ನಡೆಯಿತು ಎಂಬ ಮಾಹಿತಿ ಇಲ್ಲದೆ ಚಿತ್ರಕ್ಕೆ ಅರ್ಥವಿಲ್ಲ.

ಕರುಳಿನ ಎರಡು ತುದಿಗಳನ್ನು ಜೋಡಿಸಿದ ಜಾಗದಲ್ಲಿ ಸೋರಿಕೆಯಾದರೆ ಜ್ವರ, ಏರಿದ ನಾಡಿಬಡಿತ, ಹೊಟ್ಟೆ ಉಬ್ಬರ ಕಾಣಿಸಿಕೊಳ್ಳುತ್ತವೆ. ಆಗ ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ದ್ರಾವಣ ನೀಡಿ ಸಿ.ಟಿ. ತೆಗೆದರೆ ದ್ರಾವಣ ಹೊರಚೆಲ್ಲಿದ ಸ್ಥಳ ತಿಳಿಯುತ್ತದೆ. ಶೇಖರವಾದ ಕೀವನ್ನು ಅದೇ ಚಿತ್ರದ ನೆರವಿನಿಂದ ಸೂಜಿ ಹಾಯಿಸಿ ಹೊರತೆಗೆಯುವುದೂ ಸಾಧ್ಯ. ಎಷ್ಟೋ ರೋಗಿಗಳು ಇದರಿಂದ ಎರಡನೆಯ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿಕೊಳ್ಳುತ್ತಾರೆ. ಪಿತ್ತಕೋಶ ತೆಗೆದ ನಂತರ ಕಾಮಾಲೆ ಅಥವಾ ಹೊಟ್ಟೆನೋವು ಕಂಡರೆ ಪಿತ್ತನಾಳಗಳನ್ನು ತೋರಿಸುವ ವಿಶೇಷ ಎಂಆರ್‌ಐ ಪರೀಕ್ಷೆ ನೆರವಿಗೆ ಬರುತ್ತದೆ.

ಸೊಂಟ, ಮಂಡಿಯಂತಹ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಒಂದು ಕಾಲು ಮಾತ್ರ ಊದಿಕೊಂಡರೆ ಡಾಪ್ಲರ್ ಪರೀಕ್ಷೆ ಅಗತ್ಯ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಾಗಿದರೆ ಹಠಾತ್ ಉಸಿರಾಟದ ತೊಂದರೆ, ಎದೆನೋವು ಕಾಣಿಸಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎದೆಯ ಸಾಮಾನ್ಯ ಕ್ಷ-ಕಿರಣ ಆಗ ಸಹಜವಾಗಿಯೇ ಕಾಣಬಹುದು. ಶ್ವಾಸಕೋಶದ ನಾಳಗಳ ಸಿ.ಟಿ. ಆಂಜಿಯೊಗ್ರಾಂ ಅಡಚಣೆಯನ್ನು ನೇರವಾಗಿ ತೋರಿಸುತ್ತದೆ.

ರೋಗಿಗಳು ಅತಿ ಹೆಚ್ಚು ಹೆದರುವುದು ಹೊಟ್ಟೆಯಲ್ಲಿ ಬಟ್ಟೆ ಉಳಿದುಹೋಗುವ ಪ್ರಮಾದಕ್ಕೆ. ಅಪರೂಪವಾದರೂ ಜಗತ್ತಿನ ಎಲ್ಲ ದೇಶಗಳಿಂದಲೂ ಇಂತಹ ಪ್ರಕರಣಗಳು ವರದಿಯಾಗಿವೆ. ಬರಿಯ ಹತ್ತಿ ಬಟ್ಟೆ ಕ್ಷ-ಕಿರಣದಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯ ಬಟ್ಟೆಗಳಲ್ಲಿ ಬೇರಿಯಂ ಸಲ್ಫೇಟ್ ಸೇರಿಸಿದ ಎಳೆಯೊಂದನ್ನು ನೇಯ್ದಿರುತ್ತಾರೆ. ಚಿತ್ರದಲ್ಲಿ ಅದು ಸುರುಳಿದಾರದಂತೆ ಬೆಳ್ಳಗೆ ಮೂಡುತ್ತದೆ. ಸಿ.ಟಿ.ಯಲ್ಲಿ ಬಟ್ಟೆಯ ಎಳೆಗಳ ನಡುವೆ ಸಿಲುಕಿದ ಗಾಳಿ ಗುಳ್ಳೆಗಳಿಂದ ಅದು ಸ್ಪಂಜಿನಂತೆ ಕಾಣುತ್ತದೆ. ತಿಂಗಳು, ವರ್ಷಗಳ ನಂತರ ಪತ್ತೆಯಾದಾಗ ಅದನ್ನು ಗೆಡ್ಡೆಯೆಂದು ತಪ್ಪಾಗಿ ಭಾವಿಸಿದ ನಿದರ್ಶನಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ರೋಗಿ ಕೊಠಡಿಯಿಂದ ಹೊರಡುವ ಮುನ್ನ ಉಪಕರಣ, ಬಟ್ಟೆ, ಸೂಜಿಗಳ ಎಣಿಕೆ ಪೂರ್ಣಗೊಂಡುದನ್ನು ಗಟ್ಟಿಯಾಗಿ ಹೇಳಿ ದೃಢಪಡಿಸಬೇಕೆಂಬ ಅಂಶ ಸೇರಿದೆ.

ಚಿತ್ರವೂ ತಪ್ಪಬಹುದು, ಕಣ್ಣೂ ತಪ್ಪಬಹುದು

ಯಂತ್ರ ಎಷ್ಟೇ ಉತ್ತಮವಾದರೂ ಚಿತ್ರವನ್ನು ಓದುವುದು ಮನುಷ್ಯನ ಕಣ್ಣು. ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಮನದಟ್ಟು ಮಾಡುತ್ತದೆ. ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕುವಂತೆ 24 ಮಂದಿ ರೇಡಿಯಾಲಜಿಸ್ಟ್‌ಗಳಿಗೆ ತಿಳಿಸಿ, ಚಿತ್ರದೊಳಗೆ ಗಂಟಿಗಿಂತ ಹಲವು ಪಟ್ಟು ದೊಡ್ಡದಾದ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಲಾಗಿತ್ತು. 20 ಮಂದಿ ಅದನ್ನು ಗಮನಿಸಲೇ ಇಲ್ಲ. ಇದು ವೈದ್ಯರ ಅಸಡ್ಡೆಯಲ್ಲ. ಒಂದನ್ನು ಹುಡುಕುವ ಕಣ್ಣಿಗೆ ಇನ್ನೊಂದು ಎದುರಿಗಿದ್ದರೂ ಕಾಣದು. ಪರೀಕ್ಷೆಗೆ ಕಳುಹಿಸುವ ಚೀಟಿಯಲ್ಲಿ ರೋಗಿಯ ಲಕ್ಷಣ, ಹಿಂದಿನ ಶಸ್ತ್ರಚಿಕಿತ್ಸೆ, ವೈದ್ಯರ ಶಂಕೆ ಇವನ್ನು ಸರಿಯಾಗಿ ಬರೆದಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಎಲ್ಲ ಡಿಸ್ಕ್‌ಗಳೂ ಸಹಜವಾಗಿದ್ದವರು ಶೇ 36ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚಿನವರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಅಂದರೆ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದಾಕ್ಷಣ ಅದೇ ನೋವಿನ ಮೂಲವೆನ್ನಲಾಗದು. ರೋಗಿಯನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರ ತೀರ್ಮಾನಕ್ಕೆ ಚಿತ್ರ ಹೊಂದಿದಾಗ ಮಾತ್ರ ಅದು ರೋಗನಿರ್ಣಯ.

ವಿಕಿರಣದ ಲೆಕ್ಕ, ಅಯಸ್ಕಾಂತದ ಎಚ್ಚರ

ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜ ವಿಕಿರಣ ತಗಲುತ್ತದೆ. ಎದೆಯ ಒಂದು ಕ್ಷ-ಕಿರಣದ ಪ್ರಮಾಣ 0.1 ಮಿಲಿಸೀವರ್ಟ್‌ಗಿಂತ ಹೆಚ್ಚಿರುವುದಿಲ್ಲ. ತಲೆಯ ಸಿ.ಟಿ.ಗೆ ಸುಮಾರು 2, ಹೊಟ್ಟೆಯ ಸಿ.ಟಿ.ಗೆ ಸುಮಾರು 8ರಿಂದ 10 ಮಿಲಿಸೀವರ್ಟ್. ಅಗತ್ಯವಿದ್ದಾಗ ಈ ಪ್ರಮಾಣಕ್ಕೆ ಹೆದರಬೇಕಿಲ್ಲ. ಅನಗತ್ಯವಾಗಿ ಪುನರಾವರ್ತಿಸುವುದು, ಅದರಲ್ಲೂ ಮಕ್ಕಳಿಗೆ, ಸಲ್ಲದು.

ಎಂಆರ್‌ಐ ಯಂತ್ರದ ಅಯಸ್ಕಾಂತ ಪರೀಕ್ಷೆ ನಡೆಯದಿರುವಾಗಲೂ ಚಾಲನೆಯಲ್ಲಿರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಕೊಠಡಿ ಪ್ರವೇಶಿಸಿದ ರೋಗಿಯ ಸಂಬಂಧಿಯೊಬ್ಬರು ಯಂತ್ರದತ್ತ ಸೆಳೆಯಲ್ಪಟ್ಟು ಮೃತಪಟ್ಟಿದ್ದರು.

ಭಾರತದಲ್ಲಿ ಕ್ಷ-ಕಿರಣ ಮತ್ತು ಸಿ.ಟಿ. ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಉಸ್ತುವಾರಿಗೆ ಒಳಪಟ್ಟಿವೆ. ಅಲ್ಟ್ರಾಸೌಂಡ್ ಯಂತ್ರಗಳನ್ನು ಭ್ರೂಣಲಿಂಗ ಪತ್ತೆಗೆ ಬಳಸುವುದನ್ನು 1994ರ ಕಾಯ್ದೆ ನಿಷೇಧಿಸಿದ್ದು, ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ಅವುಗಳ ಬಳಕೆಗೆ ಅವಕಾಶವಿದೆ.

ರೋಗಿಗಳು ಗಮನಿಸಬೇಕಾದ ಅಂಶಗಳು

* ಗರ್ಭಿಣಿಯಾಗಿದ್ದರೆ ಅಥವಾ ಆ ಸಂಭವವಿದ್ದರೆ ಪರೀಕ್ಷೆಗೆ ಮುನ್ನವೇ ತಿಳಿಸಬೇಕು.

* ಮೂತ್ರಪಿಂಡದ ತೊಂದರೆ, ಮಧುಮೇಹದ ಮಾತ್ರೆ, ಹಿಂದೆ ಕಾಂಟ್ರಾಸ್ಟ್ ಚುಚ್ಚುಮದ್ದಿನಿಂದ ಉಂಟಾದ ಅಲರ್ಜಿ ಇವುಗಳ ವಿವರ ನೀಡಬೇಕು.

* ಪೇಸ್‌ಮೇಕರ್, ಕಿವಿಯೊಳಗಿನ ಶ್ರವಣ ಸಾಧನ, ಕಣ್ಣಿಗೆ ಹೊಕ್ಕ ಲೋಹದ ಚೂರು ಇರುವವರು ಎಂಆರ್‌ಐ ಕೊಠಡಿ ಪ್ರವೇಶಿಸುವ ಮುನ್ನ ಸಿಬ್ಬಂದಿಗೆ ತಿಳಿಸಲೇಬೇಕು.

* ಹಳೆಯ ಚಿತ್ರಗಳನ್ನು ಎಸೆಯಬಾರದು. ಹೋಲಿಸಿ ನೋಡಲು ಹಿಂದಿನ ಚಿತ್ರಕ್ಕಿಂತ ಉತ್ತಮ ಆಧಾರವಿಲ್ಲ. ವರದಿಯ ಜೊತೆಗೆ ಚಿತ್ರಗಳ ಡಿಜಿಟಲ್ ಪ್ರತಿಯನ್ನೂ ಕೇಳಿ ಪಡೆಯಬೇಕು.

* ವೈದ್ಯರ ವೃತ್ತಿನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೋರಿದರೆ 72 ಗಂಟೆಗಳೊಳಗೆ ಒದಗಿಸಬೇಕು.

* ವರದಿ ಸಹಜವಾಗಿದ್ದರೂ ನೋವು, ವಾಂತಿ, ಜ್ವರ ಅಥವಾ ಮಂಪರು ಹೆಚ್ಚುತ್ತಿದ್ದರೆ ಮತ್ತೆ ವೈದ್ಯರನ್ನು ಕಾಣಬೇಕು. ಚಿತ್ರ ತೋರಿಸುವುದು ಅದನ್ನು ತೆಗೆದ ಆ ಕ್ಷಣದ ಸ್ಥಿತಿಯನ್ನು ಮಾತ್ರ.